ಕಬ್ಬಿಣಕ್ಕೆ ಒಂದು ದಿನ, ಎತ್ತಿಗೆ ಐದು ದಿನ

ಕಳೆದ ವರ್ಷದ ಮಳೆಗಾಲದಲ್ಲಿ ನಾನು 2,600 ರೂಪಾಯಿ ಕೊಟ್ಟು ಒಂದು ಹಳೆಯ ಆಲ್ಟರ್ನೇಟರ್ ಕೊಂಡೆ. ಕಾರಿನ ಎಂಜಿನ್ ತಿರುಗುವಾಗ ಅದರ ಜೊತೆಗೆ ಬೆಲ್ಟಿನಿಂದ ತಿರುಗಿ, ಕರೆಂಟು ಹುಟ್ಟಿಸಿ, ಬ್ಯಾಟರಿಗೆ ತುಂಬುವ ಭಾಗ ಅದು. ನಮ್ಮ ಮನೆಯಲ್ಲಿರುವುದು 1998ರ ಮಾರುತಿ 800. ಆ ಕಾರಿನ ತಯಾರಿಕೆಯೇ 2014ರ ಜನವರಿಯಲ್ಲಿ ನಿಂತುಹೋಗಿದೆ. ನ್ಯಾಮತಿಯ ಮೆಕ್ಯಾನಿಕ್ ಎರಡು ಅಂಗಡಿಗೆ ಫೋನು ಮಾಡಿ, "ಹೊಸದು ಸಿಗೋದು ತಡ ಆಗುತ್ತೆ, ರೇಟೂ ಜಾಸ್ತಿ. ಹಳೇದು ಚೆನ್ನಾಗಿರೋದು ಸಿಕ್ಕಿದ್ರೆ ಹಾಕಿಬಿಡೋಣ" ಅಂದ. ನಾನು ಗೋವಿನಕೋವಿಯ ನಮ್ಮ ಮನೆ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿದೆ. ಬೆಳ್ಳಿಯಂತೆ ಹೊಳೆಯುವ ಒಂದು ಫೋಟೋ ಸಿಕ್ಕಿತು. ಅದರ ಕೆಳಗೆ ಮೂರು ಮಾತು: ಕಂಪನಿಯ ಮೂಲ ಭಾಗ, ಕಡಿಮೆ ಓಡಿದ ಕಾರಿನಿಂದ ತೆಗೆದದ್ದು, ರಿಪೇರಿ ಆಗಿಲ್ಲ.

ಅವಸರಕ್ಕೆ ಕಾರಣವಿತ್ತು. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮುಗಿಸಿಕೊಂಡು ಶಿವಮೊಗ್ಗದಿಂದ ಬಸ್ಸಿನಲ್ಲಿ ನಿಂತು ಬರುವ ಸ್ಥಿತಿಯಲ್ಲಿ ಅವರಿಲ್ಲ. ಆ ಹಳೆಯ ಕಾರು ನಮ್ಮ ಮನೆಗೆ ಶೋಕಿಯ ವಸ್ತುವಲ್ಲ, ಅಪ್ಪನ ವಾರದ ಎರಡು ದಿನ.

ಡಬ್ಬಿ ಬಂತು. ಮೆಕ್ಯಾನಿಕ್ ಕೂರಿಸಿದ. ಎರಡು ದಿನ ಎಲ್ಲ ಸರಿಯಾಗಿದ್ದಂತೆ ಕಂಡಿತು. ಮೂರನೆಯ ದಿನ ಸಂಜೆ ಆಸ್ಪತ್ರೆಯಿಂದ ವಾಪಸು ಬರುವಾಗ ಮಳೆ ಹಿಡಿಯಿತು. ಹೆಡ್‌ಲೈಟು, ವೈಪರು ಎರಡೂ ಓಡುತ್ತಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಮಿಣುಕಿತು. ಆಮೇಲೆ ವೈಪರು ನಿಧಾನವಾಯಿತು, ಹೆಡ್‌ಲೈಟು ಕೆಂಪಗಾಯಿತು, ಕೊನೆಗೆ ಎಂಜಿನ್ನೇ ನಿಂತಿತು. ಕತ್ತಲೆಯಲ್ಲಿ, ಅಡಿಕೆ ತೋಟದ ಪಕ್ಕ, ಸುಸ್ತಾದ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದೂವರೆ ಗಂಟೆ ಕಾದೆ. ಕೊನೆಗೆ ಪರಿಚಯದವರ ಗೂಡ್ಸ್ ಆಟೋ ಬಂತು.

ಮರುದಿನ ಮೆಕ್ಯಾನಿಕ್ ಅದನ್ನು ಬಿಚ್ಚಿದ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಹದಿನಾಲ್ಕು ವೋಲ್ಟಿನ ಆಸುಪಾಸು ಇರಬೇಕು. ಇದರಲ್ಲಿ 12.4 ಇತ್ತು, ದೀಪ ಹಾಕಿದರೆ ಇನ್ನೂ ಇಳಿಯುತ್ತಿತ್ತು. ಒಳಗಿನ ತಾಮ್ರದ ಸುರುಳಿಯನ್ನು ಯಾರೋ ಹೊಸದಾಗಿ ಸುತ್ತಿದ್ದರು. ಬ್ರಷ್ ಉಜ್ಜುವ ತಾಮ್ರದ ಉಂಗುರಗಳಲ್ಲಿ ಗೀರು ಬಿದ್ದು ಗಾಡಿ ಜಾಡಿನಂತಾಗಿತ್ತು. ಮೇಲಿನ ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದರೆ ಕೆಳಗೆ ತುಕ್ಕು. "ಅಣ್ಣಾ, ಇದು ಎಷ್ಟು ಕೈ ದಾಟಿದೆಯೋ. ಸ್ನೋ ಪೌಡರ್ ಹಾಕಿ ಕಳಿಸಿದ್ದಾರೆ" ಅಂದ.

ಮಾರಿದವನಿಗೆ ಬರೆದೆ. ಉತ್ತರ ಬೇಗ ಬಂತು: ಹಳೆಯ ಸಾಮಾನಿಗೆ ವಾಪಸು ಇಲ್ಲ, ಇದ್ದ ಹಾಗೆ ಮಾರಿದ್ದೇವೆ, ನೀವು ಬಿಚ್ಚಿ ನೋಡಿದ ಮೇಲಂತೂ ಪ್ರಶ್ನೆಯೇ ಇಲ್ಲ.

ಮೊದಲ ಓದಿಗೆ ಆ ಉತ್ತರ ನನಗೂ ನ್ಯಾಯವೇ ಅನ್ನಿಸಿತು. ಹಳೆಯದನ್ನು ಹಳೆಯದೆಂದೇ ಕೊಂಡಿದ್ದೇನೆ, ಕಡಿಮೆ ದುಡ್ಡು ಕೊಟ್ಟಿದ್ದೇನೆ, ಇನ್ನೇನು ಕೇಳಲಿ? ಆ ಗೊಂದಲವನ್ನು ಬಿಡಿಸಿದ್ದು ವಕೀಲರಲ್ಲ, ಅಪ್ಪ. ಮಂಚದಲ್ಲಿ ಮಲಗಿದ್ದವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಹಳೇದನ್ನ ಹಳೇದು ಅಂತ ಕೊಟ್ರೆ ತಪ್ಪಿಲ್ಲ. ಆದ್ರೆ ಏನು ಹೇಳಿ ಕೊಟ್ಟ?"

ಅಪ್ಪ ಹರೆಯದಲ್ಲಿ ಎತ್ತಿನ ವ್ಯಾಪಾರದ ದಲ್ಲಾಳಿ. ಜಾತ್ರೆಯಿಂದ ಜಾತ್ರೆಗೆ ಹೋಗುತ್ತಿದ್ದವರು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಆ ವಿದ್ಯೆ ಅವರ ಕೈಯಲ್ಲಿತ್ತು. ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ನೋಡುವುದು, ಸುಳಿ ನೋಡುವುದು, ಗೊರಸು ತಟ್ಟುವುದು, ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಹುಡುಕುವುದು. ಮಾರುವವರ ವಿದ್ಯೆಯೂ ಕಡಿಮೆಯದಲ್ಲ. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿದರೆ ಪ್ರಾಯ ಬರುತ್ತಿತ್ತು. ಆಲ್ಟರ್ನೇಟರಿನ ಬೆಳ್ಳಿ ಬಣ್ಣ ಅಪ್ಪನಿಗೆ ಹೊಸ ಸಂಗತಿಯೇನೂ ಆಗಿರಲಿಲ್ಲ.

"ಸಂಚಕಾರ ಕೊಟ್ಟು ಎತ್ತು ಹೊಡ್ಕೊಂಡು ಹೋಗ್ತಿದ್ರು. ನಾಲ್ಕು ದಿನ ಹೂಡಿ ನೋಡಿ ಉಳಿದ ದುಡ್ಡು ಕೊಡ್ತಿದ್ರು. ನೊಗಕ್ಕೆ ಹೆಗಲು ಕೊಡದೇ ಇದ್ರೆ ವಾಪಸು" ಅಂದರು.

ನಾನು ಕಾಲೇಜಿನಲ್ಲಿ ಇತಿಹಾಸ ಓದಿದವನು. ಆ ನಾಲ್ಕು ದಿನ ಎನ್ನುವ ಮಾತು ನನ್ನನ್ನು ಹಿಡಿದುಕೊಂಡಿತು. ಇಂಥ ಲೆಕ್ಕವನ್ನು ಎಲ್ಲೋ ಓದಿದ್ದೆನಲ್ಲ ಎಂದು ಹಳೆಯ ಪುಸ್ತಕಗಳನ್ನು ತೆಗೆದೆ.

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಕೊಂಡ ವಸ್ತುವನ್ನು ಪರೀಕ್ಷಿಸಲು ಎಷ್ಟು ದಿನ ಎಂಬುದಕ್ಕೆ ಒಂದು ಪಟ್ಟಿಯಿದೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ನೊಗ ಹೊರುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಹಾಲು ಕರೆಯುವ ಹಸುವಿಗೆ ಮೂರು ದಿನ. ಪ್ರತಿಯೊಂದು ಲೆಕ್ಕದ ಹಿಂದೆಯೂ ಅನುಭವವಿದೆ. ಬೀಜ ಮೊಳೆಯುತ್ತದೋ ಇಲ್ಲವೋ ತಿಳಿಯಲು ಹತ್ತು ದಿನ ಬೇಕು. ಹಸು ಎಷ್ಟು ಹಾಲು ಕೊಡುತ್ತದೆ ಎಂಬುದು ಮೂರು ದಿನ ಕರೆದರೆ ಗೊತ್ತಾಗುತ್ತದೆ. ಕಬ್ಬಿಣವನ್ನು ಕಾಸಿ ಬಡಿದರೆ ಒಂದೇ ದಿನಕ್ಕೆ ಅದರ ಗುಣ ಹೊರಬೀಳುತ್ತದೆ. ಎತ್ತಿನ ಐದು ದಿನ ಮತ್ತು ಅಪ್ಪನ ನಾಲ್ಕು ದಿನ ಹೆಚ್ಚುಕಡಿಮೆ ಒಂದೇ. ಅಪ್ಪ ಸ್ಮೃತಿ ಓದಿದವರಲ್ಲ. ಸ್ಮೃತಿ ಬರೆದವರೇ ಜಾತ್ರೆ ನೋಡಿ ಬರೆದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಅದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಇದೆ. ಮನುಷ್ಯರನ್ನು ಹಸು ಮತ್ತು ಕಬ್ಬಿಣದ ನಡುವೆ ಇಟ್ಟು ಪರೀಕ್ಷೆಯ ದಿನ ಎಣಿಸಿದ ಸಮಾಜವದು. ಹಳೆಯ ಪುಸ್ತಕದಲ್ಲಿ ನಮಗೆ ಹಿತವಾದ ಸಾಲನ್ನು ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡುವುದೂ ಬಣ್ಣ ಬಳಿದ ಸಾಮಾನು ಮಾರಿದಂತೆಯೇ.

ಈ ಸ್ಮೃತಿಗೆ ಬಂದ ದೊಡ್ಡ ವ್ಯಾಖ್ಯಾನ ಮಿತಾಕ್ಷರ. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ ಕಾಲವದು. ಕಾನೂನು ಓದುವ ವಿದ್ಯಾರ್ಥಿಗಳಿಗೆ ಮಿತಾಕ್ಷರ ಎಂದರೆ ಪಿತ್ರಾರ್ಜಿತ ಆಸ್ತಿಯ ಪಾಲು. ಕೋಲ್‌ಬ್ರುಕ್ 1810ರಲ್ಲಿ ಇಂಗ್ಲಿಷಿಗೆ ತಂದದ್ದು ದಾಯಭಾಗದ ಪ್ರಕರಣವನ್ನು, ಇಂಗ್ಲಿಷರ ಕೋರ್ಟುಗಳಿಗೆ ಬೇಕಾದದ್ದೂ ಅದೇ. ಕೊಳ್ಳುವ ಮಾರುವ ವ್ಯಾಜ್ಯಗಳ ಪ್ರಕರಣ ಅದೇ ಗ್ರಂಥದೊಳಗೆ ಇದ್ದರೂ ಜನರ ನೆನಪಿನಿಂದ ಜಾರಿತು.

ನನ್ನ ವ್ಯಾಜ್ಯಕ್ಕೆ ಇನ್ನೂ ಹತ್ತಿರದ ಮಾತು ಇದ್ದದ್ದು ನಾರದ ಸ್ಮೃತಿಯಲ್ಲಿ. ಕಣ್ಣಿಗೆ ಕಾಣುವ ದೋಷವನ್ನು ನೋಡಿಯೂ ಕೊಂಡವನು ಹಿಂದಿರುಗಿಸುವಂತಿಲ್ಲ ಎಂದು ನಾರದ ಹೇಳುತ್ತಾನೆ. ಅದು ಕೊಳ್ಳುವವನ ಪಾಲಿನ ಜವಾಬ್ದಾರಿ. ಆದರೆ ದೋಷವಿಲ್ಲದ್ದನ್ನು ತೋರಿಸಿ ದೋಷವಿರುವುದನ್ನು ಕೊಟ್ಟ ವ್ಯಾಪಾರಿ ಕೊಂಡವನಿಗೆ ಬೆಲೆಯ ಎರಡರಷ್ಟು ಕೊಡಬೇಕು, ಅಷ್ಟೇ ಮೊತ್ತವನ್ನು ದಂಡವಾಗಿಯೂ ಕಟ್ಟಬೇಕು. ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು. ಇಂದಿನ ಫೋಟೋ ಮತ್ತು ಡಬ್ಬಿಯ ನಡುವಿನ ಅಂತರವೂ ಇದೇ ಅಲ್ಲವೇ?

ಕೌಟಿಲ್ಯನ ಅರ್ಥಶಾಸ್ತ್ರವೂ ಈ ವಿಷಯದಲ್ಲಿ ಖಡಕ್ಕು. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥವದು. ಮಾರಿದ ಮೇಲೆ, ಕೊಂಡ ಮೇಲೆ ಮನಸ್ಸು ಬದಲಾಯಿಸಲು ವರ್ತಕರಿಗೆ ಒಂದು ರಾತ್ರಿ, ರೈತರಿಗೆ ಮೂರು ರಾತ್ರಿ, ದನ ಕಾಯುವವರಿಗೆ ಐದು ರಾತ್ರಿ ಎಂದು ಅದು ಅವಕಾಶ ಕೊಡುತ್ತದೆ. ವ್ಯಾಪಾರ ಗೊತ್ತಿರುವವನಿಗೆ ಕಡಿಮೆ ಸಮಯ, ಗೊತ್ತಿಲ್ಲದವನಿಗೆ ಹೆಚ್ಚು. ಮರ, ಕಬ್ಬಿಣ, ಮಣಿ, ಹಗ್ಗ, ಚರ್ಮ, ಬಟ್ಟೆ ಇವುಗಳಲ್ಲಿ ಕೀಳು ದರ್ಜೆಯದನ್ನು ಮೇಲು ದರ್ಜೆಯದೆಂದು ಹೇಳಿ ಮಾರಿದರೆ ಬೆಲೆಯ ಎಂಟರಷ್ಟು ದಂಡ.

ಪುಸ್ತಕದಲ್ಲಿದ್ದದ್ದೆಲ್ಲ ಸಂತೆಯಲ್ಲಿ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಸುತ್ತಿನ ನೆಲ ವ್ಯಾಪಾರದ ಮಾತಿನ ಬೆಲೆ ಅರಿಯದ ನೆಲವೇನಲ್ಲ. ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರ ಹೆಸರು ಬರುತ್ತದೆ. ದೂರದೂರದ ನಾಡುಗಳಿಗೆ ಸರಕು ಹೊತ್ತು ಹೋಗುತ್ತಿದ್ದ ಆ ವರ್ತಕ ಸಂಘದವರು ತಮ್ಮ ನಡವಳಿಕೆಗೆ ವೀರಬಣಂಜು ಧರ್ಮ ಎಂದು ಹೆಸರಿಟ್ಟುಕೊಂಡಿದ್ದರು. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟವಾಗಿ ಹೊರತಂದ. ಊರೂರು ದಾಟಿ, ಮತ್ತೆ ಮುಖ ನೋಡದವರಿಗೆ ಸರಕು ಮಾರುವ ಮಂದಿಗೆ ಸಂಘದ ಹೆಸರೇ ಬಂಡವಾಳ.

ಅತ್ತ ಇಂಗ್ಲೆಂಡಿನಲ್ಲಿ ಕಾನೂನು ಬೇರೆಯೇ ದಾರಿ ಹಿಡಿಯಿತು. ಆ ದಾರಿಯೂ ಮುಂದೆ ನಮ್ಮೂರಿಗೆ ಬಂದು ಸೇರಿದ್ದರಿಂದ ಅದನ್ನು ಹೇಳಲೇಬೇಕು. 1603ರಲ್ಲಿ ಅಲ್ಲೊಂದು ಪ್ರಸಿದ್ಧ ಮೊಕದ್ದಮೆ ನಡೆಯಿತು. ಅಕ್ಕಸಾಲಿಗನೊಬ್ಬ ನೂರು ಪೌಂಡಿಗೆ ಒಂದು ಕಲ್ಲು ಮಾರಿದ. ಅದು ಬೆಜೋರ್ ಕಲ್ಲು, ಅಂದರೆ ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ, ವಿಷ ಇಳಿಸುತ್ತದೆಂದು ಜನ ನಂಬಿದ್ದ ಕಲ್ಲು ಎಂದು ಹೇಳಿದ್ದ. ಅದು ಬೆಜೋರ್ ಆಗಿರಲಿಲ್ಲ. ಕೊಂಡವನು ದಾವೆ ಹಾಕಿದ, ಮೇಲಿನ ಕೋರ್ಟಿನಲ್ಲಿ ಸೋತ. ಕಾರಣವೇನೆಂದರೆ, ಮಾರಿದವನು ಅದನ್ನು ಬೆಜೋರ್ ಎಂದು ಹೇಳಿದ್ದನೇ ಹೊರತು ಬೆಜೋರ್ ಎಂದು ಭರವಸೆ ಕೊಟ್ಟಿರಲಿಲ್ಲ. ಹೇಳುವುದು ಬೇರೆ, ಭರವಸೆ ಕೊಡುವುದು ಬೇರೆ! ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ನಿಯಮದ ಅತ್ಯಂತ ನಿರ್ದಯ ರೂಪವಿದು. ನನ್ನ ಮಾರಾಟಗಾರನ ಉತ್ತರದಲ್ಲಿ ಆ ಅಕ್ಕಸಾಲಿಗನ ದನಿ ಕೇಳಿಸಿತು.

ಇಂಗ್ಲಿಷ್ ಕಾನೂನು ಅಲ್ಲಿಂದ ಹೊರಬರಲು ಸುಮಾರು ಮುನ್ನೂರು ವರ್ಷ ತೆಗೆದುಕೊಂಡಿತು. 1893ರ ಸರಕು ಮಾರಾಟ ಕಾಯ್ದೆ, ವರ್ಣನೆ ಹೇಳಿ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು ಎಂದಿತು. ಭಾರತದಲ್ಲಿ ಮಾರಾಟದ ನಿಯಮಗಳು ಮೊದಲು 1872ರ ಕರಾರು ಕಾಯ್ದೆಯ ಒಂದು ಅಧ್ಯಾಯವಾಗಿದ್ದವು. ಆಮೇಲೆ ಅವನ್ನು ಬೇರೆ ಮಾಡಿ ಸರಕು ಮಾರಾಟ ಕಾಯ್ದೆಯಾಗಿ 1930ರ ಜುಲೈ 1ರಿಂದ ಜಾರಿಗೆ ತಂದರು. ಅದರ 15ನೆಯ ಕಲಂ ವರ್ಣನೆಯ ಮಾತು ಹೇಳುತ್ತದೆ. 16ನೆಯ ಕಲಂ ಗುಣಮಟ್ಟದ ವಿಷಯದಲ್ಲಿ ಕೊಳ್ಳುವವನ ಎಚ್ಚರವನ್ನೇ ಮೂಲ ನಿಯಮವಾಗಿ ಇಟ್ಟುಕೊಂಡು, ಅದಕ್ಕೆ ವಿನಾಯಿತಿಗಳನ್ನು ಪಟ್ಟಿ ಮಾಡುತ್ತದೆ. 41ನೆಯ ಕಲಮಿನ ಪ್ರಕಾರ, ಮೊದಲು ನೋಡದೆ ಕೊಂಡ ಸರಕನ್ನು ಪರೀಕ್ಷಿಸಲು ಸರಿಯಾದ ಅವಕಾಶ ಸಿಗುವ ತನಕ ಕೊಂಡವನು ಅದನ್ನು ಒಪ್ಪಿಕೊಂಡನೆಂದು ಎಣಿಸುವಂತಿಲ್ಲ. ಬಿಚ್ಚಿ ನೋಡಿದ್ದೇ ತಪ್ಪು ಎಂಬ ಮಾತಿಗೆ ಉತ್ತರ ಅಲ್ಲಿತ್ತು. ಬಿಚ್ಚದೆ ಆಲ್ಟರ್ನೇಟರಿನ ಸುರುಳಿ ನೋಡುವುದು ಹೇಗೆ?

ಹಳೆಯ ವಾಹನದ ವಿಷಯದಲ್ಲಿ ವರ್ಣನೆಯ ನಿಯಮಕ್ಕೆ 1967ರ ಒಂದು ಇಂಗ್ಲಿಷ್ ತೀರ್ಪು ಒಳ್ಳೆಯ ಉದಾಹರಣೆ. ಒಬ್ಬಾತ ಹಳೆಯ ಹೆರಾಲ್ಡ್ ಕಾರನ್ನು 1961ರ ಮಾದರಿ ಎಂದು ಜಾಹೀರಾತು ಕೊಟ್ಟು ಮಾರಿದ. ಕೊಂಡವನು ಕಾರನ್ನು ನೋಡಿಯೇ ಕೊಂಡಿದ್ದ. ಮನೆಗೆ ತಂದ ಮೇಲೆ ಓಡಿಸುವುದು ಕಷ್ಟವಾಗಿ ಗ್ಯಾರೇಜಿಗೆ ಒಯ್ದರೆ, ಅದು ಎರಡು ಕಾರುಗಳ ಅರ್ಧರ್ಧ ಭಾಗವನ್ನು ಬೆಸುಗೆ ಹಾಕಿ ಮಾಡಿದ ಒಂದು ಕಾರು. ಹಿಂದಿನ ಅರ್ಧ ಮಾತ್ರ 1961ರದ್ದು. ಮಾರಿದವನು ವ್ಯಾಪಾರಿಯಲ್ಲ, ಅವನಿಗೇ ಈ ಸಂಗತಿ ಗೊತ್ತಿರಲಿಲ್ಲ. ಆದರೂ ಬೀಲ್ ಮತ್ತು ಟೇಲರ್ ನಡುವಿನ ಈ ಮೊಕದ್ದಮೆಯಲ್ಲಿ ಕೋರ್ಟು ಕೊಂಡವನ ಪರ ನಿಂತಿತು. ಕಾರನ್ನು ನೋಡಿದ್ದರೂ ಅವನು ಕೊಂಡದ್ದು ಜಾಹೀರಾತಿನ ಮಾತನ್ನು ನಂಬಿ ಎಂಬುದು ಅದರ ತರ್ಕ.

ಹಳೆಯ ಕಾರುಗಳು ಅರ್ಥಶಾಸ್ತ್ರಕ್ಕೂ ಪಾಠ ಕಲಿಸಿವೆ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಲೇಖನದ ವಿಷಯ ಹಳೆಯ ಕಾರಿನ ಮಾರುಕಟ್ಟೆ. ಕೆಟ್ಟ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರುವುದಿಲ್ಲ, ಹಿಂದೆ ಸರಿಯುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ನಿಂಬೆಹಣ್ಣುಗಳು ಮಾತ್ರ. ಈ ವಿಚಾರಕ್ಕೆ ಅವರಿಗೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಒಬ್ಬನ ಸುಳ್ಳು ಒಬ್ಬನಿಗೆ ಮಾತ್ರ ಮೋಸ ಮಾಡುವುದಿಲ್ಲ. ಸತ್ಯ ಹೇಳಿ ಮಾರುವವನ ಹೊಟ್ಟೆಯ ಮೇಲೂ ಹೊಡೆಯುತ್ತದೆ.

ಭಾರತದಲ್ಲಿ ಈ ಅರಿವು ಕಾನೂನಿನ ಭಾಷೆಯಾಗಿ ಬಂದದ್ದು 1984ರಲ್ಲಿ. ಏಕಸ್ವಾಮ್ಯ ತಡೆಯಲು 1969ರಲ್ಲಿ ಮಾಡಿದ್ದ ಕಾಯ್ದೆಗೆ ಆ ವರ್ಷ ಅನುಚಿತ ವ್ಯಾಪಾರ ಪದ್ಧತಿ ಎಂಬ ಹೊಸ ಅಧ್ಯಾಯ ಸೇರಿತು. ಎರಡು ವರ್ಷದ ಮೇಲೆ, 1986ರ ಡಿಸೆಂಬರ್ 24ರಂದು, ಗ್ರಾಹಕ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವನ್ನೇ ನಾವು ರಾಷ್ಟ್ರೀಯ ಗ್ರಾಹಕ ದಿನ ಎಂದು ಆಚರಿಸುತ್ತೇವೆ. ಸರಕಿನ ಗುಣಮಟ್ಟ, ದರ್ಜೆ, ಮಾದರಿಯ ಬಗ್ಗೆ ಸುಳ್ಳು ಹೇಳುವುದು, ಮರುಜೋಡಿಸಿದ ಅಥವಾ ಹಳೆಯ ಸರಕನ್ನು ಹೊಸದೆಂದು ಹೇಳುವುದು ಎರಡೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿವೆ. 2019ರ ಹೊಸ ಕಾಯ್ದೆಯೂ ಈ ಪಟ್ಟಿಯನ್ನು ಉಳಿಸಿಕೊಂಡಿತು.

ಹಳ್ಳಿಯವರಿಗೆ 2019ರ ಕಾಯ್ದೆ ತಂದ ದೊಡ್ಡ ಬದಲಾವಣೆ ಬೇರೆಯೇ ಇದೆ. ಹಿಂದೆ ಎದುರು ಪಕ್ಷ ಇರುವ ಊರಿನಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ ದೂರು ಕೊಡಬೇಕಿತ್ತು. ಮೊಬೈಲಿನಲ್ಲಿ ಕೊಂಡದ್ದಕ್ಕೆ ಕಾರಣ ಹುಟ್ಟಿದ್ದು ಎಲ್ಲಿ ಎಂಬುದೇ ಒಂದು ವಾದವಾಗುತ್ತಿತ್ತು. 2,600 ರೂಪಾಯಿಗಾಗಿ ಯಾರು ಬೇರೆ ರಾಜ್ಯಕ್ಕೆ ಹೋದಾರು? 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗದು ದಾವಣಗೆರೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ತನಕ ನಾವು ಹೊನ್ನಾಳಿ ತಾಲ್ಲೂಕಿನ ಜೊತೆ ಶಿವಮೊಗ್ಗ ಜಿಲ್ಲೆಯಲ್ಲಿದ್ದೆವು. ಈಗ ನ್ಯಾಮತಿ ತಾಲ್ಲೂಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರಿಲ್ಲದೆಯೂ ವಾದಿಸಬಹುದು, ಮನೆಯಿಂದಲೇ ಆನ್‌ಲೈನಿನಲ್ಲಿ ದೂರು ಸಲ್ಲಿಸಬಹುದು.

ಅದೇ ಜುಲೈ 23ರಂದು ಇ-ವಾಣಿಜ್ಯ ನಿಯಮಗಳು ಬಂದವು. ಮಾರಾಟದ ತಾಣ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಸರಕಿನಲ್ಲಿಲ್ಲದಿದ್ದರೆ, ತಾಣದ ಮೂಲಕ ಮಾರುವವನು ಅದನ್ನು ವಾಪಸು ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಒಂದು ವಿನಾಯಿತಿ ಇದೆ. ಮನೆಯ ಹಳೆಯ ಸಾಮಾನನ್ನು ಒಮ್ಮೆ ಮಾರುವ, ಅದನ್ನೇ ಕಸುಬು ಮಾಡಿಕೊಳ್ಳದ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಅಂಥವನ ವಿಷಯದಲ್ಲಿ 1930ರ ಕಾಯ್ದೆಯ ವರ್ಣನೆಯ ಕಲಮನ್ನೇ ಹಿಡಿಯಬೇಕು. ನನಗೆ ಮಾರಿದವನ ಪುಟದಲ್ಲಿ ನೂರಾರು ಭಾಗಗಳಿದ್ದವು. ಅವನು ಕಸುಬಿನವನೇ.

ಇಷ್ಟು ತಿಳಿದ ಮೇಲೆ ನಾನು ಮಾಡಿದ ಕೆಲಸ ಬಹಳ ಸಣ್ಣದು. ಜಾಹೀರಾತಿನ ಪುಟವನ್ನು ಅವನು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಮೆಕ್ಯಾನಿಕ್ ಹತ್ತಿರ ವೋಲ್ಟಿನ ಲೆಕ್ಕ, ಸುರುಳಿ ಮತ್ತು ಉಂಗುರಗಳ ಸ್ಥಿತಿ ಎಲ್ಲವನ್ನೂ ದಿನಾಂಕ ಹಾಕಿ ಬರೆಸಿ ಸಹಿ ಮಾಡಿಸಿಕೊಂಡೆ. ಕೆರೆದ ಬಣ್ಣದ ಫೋಟೋ ತೆಗೆದೆ. ಪತ್ರದಲ್ಲಿ ಮೋಸ, ಕಳ್ಳತನ ಎಂಬ ಮಾತುಗಳನ್ನು ಬರೆದು ಆಮೇಲೆ ಹೊಡೆದುಹಾಕಿದೆ. ಅವನ ಮೂರು ಮಾತುಗಳನ್ನು ಎಡಕ್ಕೆ ಬರೆದು, ಪ್ರತಿಯೊಂದರ ಎದುರು ಬಲಕ್ಕೆ ಕಂಡದ್ದನ್ನು ಬರೆದೆ. ಸಾಮಾನು ಹಳೆಯದೆಂಬ ಬಗ್ಗೆ ನನ್ನ ತಕರಾರಿಲ್ಲ, ನೀವು ಹೇಳಿದ ಸಾಮಾನು ಇದಲ್ಲ ಎಂಬುದಷ್ಟೇ ತಕರಾರು ಎಂದು ಕೊನೆಗೆ ಬರೆದೆ. ಒಂದು ಪ್ರತಿ ಮಾರಾಟಗಾರನಿಗೆ, ಒಂದು ತಾಣದ ಅಧಿಕಾರಿಗೆ. ಹತ್ತು ದಿನ ಉತ್ತರವಿಲ್ಲದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ದಾಖಲಿಸಿದೆ.

ಆ ಕಾಯುವ ದಿನಗಳಲ್ಲೇ ನನ್ನ ಪರೀಕ್ಷೆಯೂ ನಡೆಯಿತು. ಗ್ಯಾರೇಜಿನಲ್ಲಿ ಕೂತಿದ್ದವರೊಬ್ಬರು ಹೇಳಿದರು: "ಯಾಕೆ ಇಷ್ಟು ಒದ್ದಾಡ್ತೀರಿ? ಅದೇ ಫೋಟೋ ಹಾಕಿ ನೀವೂ ಮಾರಿಬಿಡಿ. ಯಾರಾದ್ರೂ ತಗೋತಾರೆ." ಅಂದು ರಾತ್ರಿ ಮೊಬೈಲು ತೆರೆದೆ. ಆ ವಾರ ಬಾಡಿಗೆ ಕಾರಿಗೆ ಕೊಟ್ಟ ದುಡ್ಡು ತಲೆಯಲ್ಲಿ ಕೊರೆಯುತ್ತಿತ್ತು. ಫೋಟೋ ಹಾಕಿದೆ. ಮೂಲ ಭಾಗ, ಒಳ್ಳೆಯ ಸ್ಥಿತಿ ಎಂದು ಟೈಪು ಮಾಡಿದೆ. ನಾಲ್ಕೇ ಪದ. ಬೆರಳು ಗುಂಡಿಯ ಮೇಲಿತ್ತು.

ಒಳಗಿನಿಂದ ಅಪ್ಪ ಏನು ಮಾಡ್ತಿದ್ದೀ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಥೆ ಹೇಳಿದರು. ಅದನ್ನು ಅವರು ಅದುವರೆಗೆ ಹೇಳಿರಲಿಲ್ಲ. ಸಾಲಿನ ನಡುವೆ ಮಲಗಿಬಿಡುವ ಚಾಳಿಯ ಒಂದು ಎತ್ತನ್ನು ಅವರು ಮುಂದೆ ನಿಂತು ಒಬ್ಬ ರೈತನಿಗೆ ಕೊಡಿಸಿದ್ದರು. ಚಾಳಿ ಗೊತ್ತಿತ್ತು, ಹೇಳಲಿಲ್ಲ. ಬಿತ್ತನೆಯ ಹದ ಹೋಗುತ್ತದೆಂಬ ಅವಸರದಲ್ಲಿದ್ದ ಆ ರೈತ ಪೂರ್ತಿ ದುಡ್ಡನ್ನು ಅಲ್ಲೇ ಕೊಟ್ಟಿದ್ದ. ವಾಪಸು ಬರಲೂ ಇಲ್ಲ, ಜಗಳವಾಡಲೂ ಇಲ್ಲ. "ಆಮೇಲೆ ನಾನೇ ಆ ಊರಿನ ದಾರಿ ಬಿಟ್ಟೆ. ಸುತ್ತಾಕಿ ಹೋಗ್ತಿದ್ದೆ" ಅಂದರು. "ಅವನ ಹತ್ರ ಅವಸರ ಇತ್ತು ಕಣೋ. ನಿನಗಿತ್ತಲ್ಲ, ಹಾಗೆ."

ನಾನು ಟೈಪು ಮಾಡಿದ್ದನ್ನು ಅಳಿಸಿದೆ.

ಎಂಟನೆಯ ವಾರದಲ್ಲಿ 2,600 ರೂಪಾಯಿ ಖಾತೆಗೆ ಬಂತು. ಸಾಗಾಟದ ಖರ್ಚು ಬರಲಿಲ್ಲ. ಬಾಡಿಗೆ ಕಾರಿನದು ಬರಲಿಲ್ಲ. ಆ ರಾತ್ರಿಯ ಒಂದೂವರೆ ಗಂಟೆಗೆ ಲೆಕ್ಕವೇ ಇಲ್ಲ. ತಪ್ಪಾಯಿತು ಎಂಬ ಮಾತೂ ಇರಲಿಲ್ಲ. ಸದ್ಭಾವನೆಯಿಂದ ಮರುಪಾವತಿ ಎಂಬ ಒಂದು ಸಾಲು, ಅಷ್ಟೇ. ಆಯೋಗಕ್ಕೆ ಹೋಗಿದ್ದರೆ ಉಳಿದದ್ದನ್ನೂ ಕೇಳಬಹುದಿತ್ತು. ವಾರಕ್ಕೆರಡು ದಿನ ಆಸ್ಪತ್ರೆಗೆ ಓಡಾಡುವವನಿಗೆ ಮೂರನೆಯ ಓಡಾಟ ಬೇಡವೆನ್ನಿಸಿತು. ಕೊರಿಯರಿನವನು ಆಲ್ಟರ್ನೇಟರ್ ಒಯ್ಯಲು ಬಂದಾಗ, ರೀವೈಂಡ್ ಆಗಿದೆ, ಚಾರ್ಜ್ ಸಾಲುವುದಿಲ್ಲ ಎಂದು ಚೀಟಿ ಬರೆದು ಅದಕ್ಕೆ ಸುತ್ತಿ ಕಟ್ಟಿದೆ. ಚೀಟಿ ಹರಿಯಲು ಒಂದು ಕ್ಷಣ ಸಾಕು ಎಂಬುದು ನನಗೆ ಗೊತ್ತು. ತಿಂಗಳ ಮೇಲೆ ನೋಡಿದರೆ ಅದೇ ಬೆಳ್ಳಿ ಬಣ್ಣದ ಫೋಟೋ, ಅದೇ ಮೂರು ಮಾತು ಮತ್ತೆ ಅಲ್ಲಿದ್ದವು. ತಾಣಕ್ಕೆ ಇನ್ನೊಮ್ಮೆ ದೂರು ಬರೆದೆ.

ನಮ್ಮ ಕಾರಿಗೆ ಈಗಿರುವ ಆಲ್ಟರ್ನೇಟರ್ ಶಿವಮೊಗ್ಗದ ಒಂದು ಗುಜರಿ ಅಂಗಡಿಯದು. ಅದೂ ಹಳೆಯದೇ, ಮೇಲೆ ಗ್ರೀಸು, ಧೂಳು. ಅಂಗಡಿಯಾತ ಅದನ್ನು ನಮ್ಮ ಕಾರಿಗೇ ಕೂರಿಸಿ, ಹೆಡ್‌ಲೈಟು ಹಾಕಿ, ಮೀಟರ್ ಹಿಡಿದು ತೋರಿಸಿದ. 13.9 ಇತ್ತು. ಬಿಲ್ಲಿನ ಹಿಂದೆ ಬರೆದು ಕೊಡಿ ಎಂದು ಕೇಳಿದೆ. ಅವನು ನಕ್ಕು ಬರೆದ: ಹಳೆಯದು, ಬೇರಿಂಗ್ ಬದಲಿಸಿದೆ, ಸುರುಳಿ ಮುಟ್ಟಿಲ್ಲ, ಒಂದು ತಿಂಗಳು ನೋಡಿ.

ಮನೆಗೆ ಬಂದು ಅಪ್ಪನಿಗೆ ಓದಿ ಹೇಳಿದೆ. ಕಬ್ಬಿಣಕ್ಕೆ ಯಾಜ್ಞವಲ್ಕ್ಯ ಕೊಟ್ಟದ್ದು ಒಂದೇ ದಿನ, ಗುಜರಿಯವನು ತಿಂಗಳು ಕೊಟ್ಟಿದ್ದಾನೆ ಅಂದೆ. ಅಪ್ಪ ಆ ಬಿಲ್ಲನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅದನ್ನು ತಮ್ಮ ಆಸ್ಪತ್ರೆಯ ಫೈಲಿನೊಳಗೆ ಇಟ್ಟುಕೊಂಡರು.